ಪಂಚ್ ಔಟ್ ಆದ ಮೇಲೆ 40 ನಿಮಿಷ ದುಡಿಸುತ್ತಾರೆ, ಅದಕ್ಕೆ ಸಂಬಳ ಕೇಳಬಹುದಾ?

ಬದಿಯಡ್ಕ ಬಸ್ಸು
ಕಾಸರಗೋಡು ಪೇಟೆಯ ಒಂದು ಸೂಪರ್ ಮಾರ್ಕೆಟಿನಲ್ಲಿ ಸಂಜೆ ಕೆಲಸ ಮಾಡುತ್ತೇನೆ. ಹಗಲು ಕಾಲೇಜು, ಹಾಗಾಗಿ ಪಾರ್ಟ್ ಟೈಮ್. ಗಂಟೆಗೆ 60 ರೂಪಾಯಿ, ಸಂಜೆ 4ರಿಂದ ರಾತ್ರಿ 9. ಸರಿಯಾಗಿ 9 ಗಂಟೆಗೆ ಎಲ್ಲರ ಬೆರಳನ್ನೂ ಮೆಷಿನಿಗೆ ಒತ್ತಿಸುತ್ತಾರೆ. ನಿಜವಾದ ಕೆಲಸ ಆಮೇಲೆ ಶುರು. ಕೌಂಟರಿನ ಕ್ಯಾಶ್ ಲೆಕ್ಕ, ಖಾಲಿಯಾದ ರ‍್ಯಾಕ್ ತುಂಬಿಸುವುದು, ನೆಲ ಒರೆಸುವುದು. ಶಟರ್ ಎಳೆಯುವಾಗ 9.40. ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಇನ್ನೂ ತಡ.

ಈ ಹೊತ್ತಿಗೆ ಸಂಬಳ ಇಲ್ಲ. ಕೇಳಿದ್ದಕ್ಕೆ ಮ್ಯಾನೇಜರ್, "ಅದು ಕೆಲಸ ಅಲ್ಲ, ಅಂಗಡಿ ಮುಚ್ಚುವ ಕ್ರಮ" ಎಂದರು. ನನ್ನ ಜೊತೆ ಇಬ್ಬರು ಅಕ್ಕಂದಿರು ತಿಂಗಳ ಸಂಬಳಕ್ಕೆ ಇದ್ದಾರೆ. ಬೆಳಿಗ್ಗೆ 10ಕ್ಕೆ ಬಂದವರು ನನ್ನೊಟ್ಟಿಗೇ ಹೊರಡುವುದು. ಅವರು ಮಾತೇ ಆಡುವುದಿಲ್ಲ. ಕಾನೂನಿನಲ್ಲಿ ಎಂತ ಉಂಟು? ಗೊತ್ತಿದ್ದವರು ಹೇಳಿ.

ಉಪ್ಪಳ ಗೇಟ್
ಅಂಗಡಿ ಮುಚ್ಚುವ ಕ್ರಮವಂತೆ! ಹಾಗಾದರೆ ಪೂಜೆಯ ಭಟ್ಟರಿಗೆ ಕೊಟ್ಟ ಹಾಗೆ ದಕ್ಷಿಣೆ ಆದರೂ ಕೊಡಲಿ ಮಾರಾಯ.

ಮುಳ್ಳೇರಿಯ 71
ಓವರ್ ಟೈಮ್‌ಗೆ ಡಬಲ್ ಸಂಬಳ. ಕಾನೂನು ಅಷ್ಟೇ. ತಿಂಗಳಿಗೆ 26 ದಿನ ಅಂತ ಹಿಡಿದರೆ 40 ನಿಮಿಷದ ಲೆಕ್ಕಕ್ಕೆ 17 ಗಂಟೆ 20 ನಿಮಿಷ. ಗಂಟೆಗೆ 120ರಂತೆ 2,080 ರೂಪಾಯಿ. ಹೋಗಿ ಕೇಳು.

ಹಳೇ ಗುಮಾಸ್ತ
ಮುಳ್ಳೇರಿಯದವರೇ, ಸ್ವಲ್ಪ ತಡೆಯಿರಿ. ಡಬಲ್ ಸಿಗುವುದು ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದ ಮೇಲೆ. ಈ ಹುಡುಗನದ್ದು ಎಲ್ಲ ಸೇರಿಸಿದರೂ 5 ಗಂಟೆ 40 ನಿಮಿಷ. ಹಾಗಾಗಿ ಇವನಿಗೆ ಬರಬೇಕಾದ್ದು ಮಾಮೂಲಿ ದರ, ಅಂದರೆ ತಿಂಗಳಿಗೆ 1,040. ಡಬಲ್ ಕೇಳಬೇಕಾದವರು ಆ ಇಬ್ಬರು ಅಕ್ಕಂದಿರು.

ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ವಕೀಲ ಅಲ್ಲ. ಆದರೂ ಇಂಥ ಕಾಗದ ಬಹಳ ಟೈಪ್ ಮಾಡಿದ್ದೇನೆ. ನಮಗೆ ಇಲ್ಲಿ ಅನ್ವಯಿಸುವುದು ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಮಂಗಳೂರಿನ ನೆಂಟರು ಹೇಳುವ ಕರ್ನಾಟಕದ ಕಾಯ್ದೆ ತಲಪಾಡಿ ಗೇಟಿನಿಂದ ಆಚೆಗೆ. ನಮ್ಮ ಕಾಯ್ದೆ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ. 4 ಗಂಟೆ ಆದ ಮೇಲೆ ಕಡಿಮೆಯೆಂದರೆ 1 ಗಂಟೆ ವಿಶ್ರಾಂತಿ. ಆ ವಿಶ್ರಾಂತಿಯನ್ನೂ ಸೇರಿಸಿ ಬಂದ ಹೊತ್ತಿನಿಂದ ಹೋಗುವ ಹೊತ್ತಿನ ತನಕ ಹತ್ತೂವರೆ ಗಂಟೆ ದಾಟಬಾರದು. ಬೆಳಿಗ್ಗೆ 10ಕ್ಕೆ ಬಂದು ರಾತ್ರಿ 9.40ಕ್ಕೆ ಹೋಗುವುದು ಎಂದರೆ ಅಲ್ಲೇ ತಪ್ಪಿತು. ಪಂಚ್ 9ಕ್ಕೆ ಆದರೂ ತಪ್ಪಿತು. ಎಣಿಸಿ ನೋಡಿ.

ಇನ್ನು ಬೆರಳು ಒತ್ತಿಸಿದ್ದು. ಅದು ಬರೀ ಒಂದು ದಾಖಲೆ. ಯಜಮಾನ ಹೇಳಿದ ಕೆಲಸವನ್ನು ಯಜಮಾನನ ಅಂಗಡಿಯಲ್ಲಿ ಮಾಡಿದ್ದರೆ ಅದು ಕೆಲಸವೇ. ಅದಕ್ಕೆ ಬೇರೆ ಹೆಸರಿಟ್ಟರೆ ಸಂಬಳ ತಪ್ಪುವುದಿಲ್ಲ.

ಸೀತಾಂಗೋಳಿ ವ್ಯಾಪಾರಿ
ನಾನು ಸಣ್ಣ ಅಂಗಡಿ ಇಟ್ಟವನು. ನಾಲ್ಕು ಜನ ಕೆಲಸಕ್ಕಿದ್ದಾರೆ. ಎಲ್ಲರೂ ಯಜಮಾನನನ್ನು ಕಳ್ಳನ ಹಾಗೆ ನೋಡಬೇಡಿ. ಬಾಡಿಗೆ, ಕರೆಂಟು, ಆನ್‌ಲೈನ್‌ನವರ ಪೈಪೋಟಿ, ಎಲ್ಲ ಮುಗಿದು ಕೈಗೆ ಉಳಿಯುವುದು ಎಷ್ಟು ಅಂತ ಯಾರಿಗೂ ಬೇಡ. ಹುಡುಗರು ದಿನಾ ಹದಿನೈದು ನಿಮಿಷ ತಡವಾಗಿ ಬಂದಾಗ ನಾನು ಕತ್ತರಿಸುವುದಿಲ್ಲ. ಮಧ್ಯೆ ಅರ್ಧ ಗಂಟೆ ಮೊಬೈಲ್ ನೋಡುತ್ತಾರೆ, ಅದನ್ನೂ ಕೇಳುವುದಿಲ್ಲ. ಕೊಡುಕೊಳ್ಳುವುದು ಎರಡೂ ಕಡೆಯಿಂದ ಇರಬೇಕಲ್ವಾ?

ಬದಿಯಡ್ಕ ಬಸ್ಸು
ಅಣ್ಣಾ, ನಮ್ಮಲ್ಲಿ ಐದು ನಿಮಿಷ ತಡವಾದರೆ ಅರ್ಧ ಗಂಟೆಯ ಸಂಬಳ ಕಟ್. ಮೊಬೈಲ್ ಒಳಗೆ ತರುವ ಹಾಗೇ ಇಲ್ಲ, ಗೇಟಿನಲ್ಲಿ ಕೊಡಬೇಕು.

ಸೀತಾಂಗೋಳಿ ವ್ಯಾಪಾರಿ
ಐದು ನಿಮಿಷಕ್ಕೆ ಅರ್ಧ ಗಂಟೆ ಕತ್ತರಿಸುವುದು ಅನ್ಯಾಯ. ಅದಕ್ಕೆ ನನ್ನ ಸಪೋರ್ಟ್ ಇಲ್ಲ.

ಉಪ್ಪಳ ಗೇಟ್
ವ್ಯಾಪಾರಿಗಳೇ, ನಿಮ್ಮಲ್ಲಿ ಕೆಲಸ ಖಾಲಿ ಉಂಟಾ? 😀

ಟ್ರೇ ಎಣಿಸುವವಳು
ಇದು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಮೊದಲು ಚಿನ್ನದ ಅಂಗಡಿಯಲ್ಲಿದ್ದೆ. ಅಂಗಡಿ ಯಾವುದು ಅಂತ ಕೇಳಬೇಡಿ. ಬಾಗಿಲು ತೆರೆಯುವುದು ಹತ್ತಕ್ಕೆ, ನಾವು ಒಂಬತ್ತೂಕಾಲಿಗೇ ಹಾಜರು. ಸ್ಟ್ರಾಂಗ್ ರೂಮಿನಿಂದ ಟ್ರೇ ತಂದು, ಒಂದೊಂದೇ ಸರ ಬಳೆ ಶೋಕೇಸಿಗೆ ಜೋಡಿಸಬೇಕು. ರಾತ್ರಿ ಅದೇ ಉಲ್ಟಾ. ಪ್ರತಿ ಟ್ರೇಯಲ್ಲಿ ಎಷ್ಟು ಪೀಸ್, ಎಷ್ಟು ಗ್ರಾಂ ಎಂದು ತೂಗಿ ಬರೆದು ಸಹಿ ಹಾಕಬೇಕು. ಒಂದು ಮೂಗುತಿ ಕಡಿಮೆ ಬಂದರೆ ಇಡೀ ಫ್ಲೋರಿನವರು ಮನೆಗೆ ಹೋಗುವ ಹಾಗಿಲ್ಲ. ಕಾರ್ಪೆಟ್ ಎತ್ತಿ ಹುಡುಕುತ್ತೇವೆ. ಕೊನೆಗೆ ಬ್ಯಾಗ್ ಚೆಕಿಂಗ್‌ಗೆ ಕ್ಯೂ. ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರದ್ದೂ 10ರಿಂದ 7.

ಸೇಲ್ಸ್ ಎಂದರೆ ನಗುತ್ತಾ ನಿಂತರೆ ಸಾಕು ಅಂತ ಜನ ತಿಳಿದಿದ್ದಾರೆ. ಆ ನಿಲ್ಲುವುದು ಕೂಡ... ಕುಳಿತರೆ ಫೈನ್ ಇತ್ತು, ಗೊತ್ತುಂಟಾ?

ಕುಂಬಳೆ ಕೋಟೆ
ಅಕ್ಕಾ, ಕುಳಿತುಕೊಳ್ಳುವ ಹಕ್ಕು ಬಂದಿತಲ್ಲ. 2018ರಲ್ಲಿ ಇದೇ ಅಂಗಡಿ ಕಾಯ್ದೆಗೆ ತಿದ್ದುಪಡಿ ಆಯಿತು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ ತಂದದ್ದು. ಪಿ. ವಿಜಿ ಎಂಬ ಟೈಲರ್ ಮುಂದೆ ನಿಂತಿದ್ದರು. ತಮಿಳುನಾಡಿನವರು 2021ರಲ್ಲಿ ನಮ್ಮನ್ನು ನೋಡಿ ಮಾಡಿದರು.

ಟ್ರೇ ಎಣಿಸುವವಳು
ಸ್ಟೂಲ್ ಬಂತು. ಕೂತವರು ಯಾರೂ ಇಲ್ಲ. ಸಿಸಿಟಿವಿ ಉಂಟಲ್ಲ.

ಹಳೇ ಗುಮಾಸ್ತ
ಅದೇ 2018ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಉಂಟು, ಈ ಪ್ರಶ್ನೆಗೆ ನೇರ ಸಂಬಂಧ. ಹೆಂಗಸರನ್ನು ರಾತ್ರಿ 7ರ ನಂತರ ದುಡಿಸಬಾರದು ಎಂದಿದ್ದದ್ದನ್ನು 9 ಗಂಟೆ ಮಾಡಿದರು. 9 ದಾಟಬೇಕಾದರೆ ಅವರ ಒಪ್ಪಿಗೆ ಬೇಕು. ಕನಿಷ್ಠ ಐದು ಜನರ ಗುಂಪು ಇರಬೇಕು, ಅದರಲ್ಲಿ ಇಬ್ಬರಾದರೂ ಹೆಂಗಸರಿರಬೇಕು. ಮನೆಗೆ ತಲುಪಿಸುವ ವ್ಯವಸ್ಥೆ ಅಂಗಡಿಯವರದ್ದು. ಈಗ ಅರ್ಥ ಆಯಿತಾ, ಸರಿಯಾಗಿ 9ಕ್ಕೇ ಬೆರಳು ಯಾಕೆ ಒತ್ತಿಸುತ್ತಾರೆ ಎಂದು? ಸಂಬಳ ಉಳಿಸುವುದು ಒಂದು. ಅಕ್ಕಂದಿರು 9ರ ಮೇಲೆ ಅಲ್ಲಿ ಇರಲೇ ಇಲ್ಲ ಎಂದು ತೋರಿಸುವುದು ಇನ್ನೊಂದು.

ಬದಿಯಡ್ಕ ಬಸ್ಸು
ಅಯ್ಯೋ! ಇದು ಹೊಳೆದೇ ಇರಲಿಲ್ಲ. ಅವರಲ್ಲಿ ಒಬ್ಬರು ಪೆರ್ಲದವರು. ಕೊನೆಯ ಬಸ್ಸು ತಪ್ಪಿದರೆ ಆಟೋಕ್ಕೆ ಕೊಡುವುದು ಅವರ ಕೈಯಿಂದಲೇ.

ಕ್ಯಾಲಿಫೋರ್ನಿಯಾ ಕಾಸ್ರೋಡು
ಇಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಸ್ಟಾರ್‌ಬಕ್ಸ್ ಕಾಫಿ ಅಂಗಡಿಯ ಒಬ್ಬ ಶಿಫ್ಟ್ ಸೂಪರ್‌ವೈಸರ್ ಪಂಚ್ ಔಟ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ದಿನದ ಲೆಕ್ಕ ಕಳಿಸಿ, ಅಲಾರಂ ಹಾಕಿ, ಬಾಗಿಲಿಗೆ ಬೀಗ ಹಾಕಿ ಹೋಗಬೇಕಿತ್ತು. ದಿನಕ್ಕೆ 4ರಿಂದ 10 ನಿಮಿಷ ಅಷ್ಟೇ. 17 ತಿಂಗಳಲ್ಲಿ ಒಟ್ಟು 12 ಗಂಟೆ 50 ನಿಮಿಷ. ಹಣದಲ್ಲಿ 102 ಡಾಲರ್ 67 ಸೆಂಟ್. ಕಂಪನಿ ಹೇಳಿದ್ದು, ಇಷ್ಟು ಚಿಲ್ಲರೆ ಹೊತ್ತಿಗೆಲ್ಲ ಲೆಕ್ಕ ಇಲ್ಲ ಎಂದು. 2018ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ದಿನಾ ಮಾಡಿಸುವ ಕೆಲಸವನ್ನು ಚಿಲ್ಲರೆ ಎನ್ನುವ ಹಾಗಿಲ್ಲ, ಕೊಡಬೇಕು ಎಂದಿತು. ದುಡಿದು ತಿನ್ನುವವನಿಗೆ ನೂರು ಡಾಲರ್ ಕೂಡ ಹಣವೇ ಎಂಬ ಅರ್ಥದಲ್ಲಿ ಬರೆದಿದ್ದಾರೆ.

ಆದರೆ ಅಮೆರಿಕ ಎಂದರೆ ಎಲ್ಲ ಕಡೆ ಹೀಗೆ ಎಂದುಕೊಳ್ಳಬೇಡಿ. ಇಡೀ ದೇಶಕ್ಕೆ ಇರುವುದು 1938ರ ಕಾನೂನು. ಅದರಲ್ಲಿ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು. ಅಮೆಜಾನ್ ಗೋದಾಮಿನಲ್ಲಿ ಕೆಲಸ ಮುಗಿಸಿ ಚೆಕಿಂಗ್ ಕ್ಯೂನಲ್ಲಿ 25 ನಿಮಿಷದಷ್ಟು ನಿಲ್ಲುತ್ತೇವೆ ಎಂದು ಕೇಸು ಹಾಕಿದವರು 2014ರಲ್ಲಿ ದೇಶದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಚೆಕಿಂಗ್ ಅವರ ಮುಖ್ಯ ಕೆಲಸದ ಭಾಗ ಅಲ್ಲವಂತೆ. ಒಂಬತ್ತೂ ಜಡ್ಜ್‌ಗಳು ಒಂದೇ ಮಾತು.

ಟ್ರೇ ಎಣಿಸುವವಳು
ಹಾಗಾದರೆ ನನ್ನ ಬ್ಯಾಗ್ ಕ್ಯೂ ಹೋಯಿತು, ಟ್ರೇ ತೂಗಿದ್ದು ಉಳಿಯಿತು. 😄

ದುಬೈ ರಿಟರ್ನ್
ಗಲ್ಫಿನಲ್ಲಿ ಈ ರಗಳೆ ಇಲ್ಲ. ಯುಎಇ ಕಾನೂನಿನಲ್ಲಿ ಓವರ್ ಟೈಮ್‌ಗೆ ಮೂಲ ಸಂಬಳದ ಮೇಲೆ ಕಾಲು ಭಾಗ ಜಾಸ್ತಿ. ರಾತ್ರಿ 10ರಿಂದ ಬೆಳಗಿನ 4ರೊಳಗೆ ಆದರೆ ಅರ್ಧ ಭಾಗ ಜಾಸ್ತಿ.

ಉಪ್ಪಳ ಗೇಟ್
ರಗಳೆ ಇಲ್ಲವಾ? ನಮ್ಮ ಭಾವ ಅಲ್ಲಿ ಕೆಫೆಟೇರಿಯಾದಲ್ಲಿ ಹದಿನಾಲ್ಕು ಗಂಟೆ ನಿಂತು ಕಾಲು ಊದಿಸಿಕೊಂಡು ಬಂದರು. ಕಾನೂನು ಪುಸ್ತಕದಲ್ಲಿ ಇತ್ತು, ಭಾವನ ಬ್ಯಾಂಕಿನಲ್ಲಿ ಇರಲಿಲ್ಲ.

ದುಬೈ ರಿಟರ್ನ್
ಅದು ಕೆಫೆಟೇರಿಯಾ ನಡೆಸುವ ನಮ್ಮೂರಿನವರದ್ದೇ ಉಪಕಾರ. ಅರಬಿಯದ್ದಲ್ಲ.

ಎಲೆ ಕತ್ತರಿ
ನೀವೆಲ್ಲ ಪಂಚಿಂಗ್ ಮೆಷಿನ್ ಅಂತ ಹೇಳುವಾಗ ನನಗೆ ಅಮ್ಮನ ನೆನಪು. ಬೀಡಿಗೆ ಮೆಷಿನೂ ಇಲ್ಲ, ಗಂಟೆಯೂ ಇಲ್ಲ, ಸಾವಿರಕ್ಕೆ ಇಷ್ಟು ಎಂದು ಮಜೂರಿ. ಎಲೆ ನೆನೆಸಿಡುವುದು, ಒರೆಸುವುದು, ಅಳತೆಗೆ ಕತ್ತರಿಸುವುದು, ಇದೆಲ್ಲ ರಾತ್ರಿ ಊಟ ಆದ ಮೇಲೆ. ಮಕ್ಕಳಿಗೂ ಒಂದೊಂದು ಕತ್ತರಿ. ಬೀಡಿ ಕಟ್ಟುವುದು ಮರುದಿನ. ಬ್ರಾಂಚಿಗೆ ಒಯ್ದರೆ ಅಲ್ಲಿ ಮತ್ತೆ ಸರತಿ. ಎಲೆ ಹಾಳಿದ್ದರೆ ಕೈಯಿಂದ ಹಣ ಕೊಟ್ಟು ಎಲೆ ತರಬೇಕು. ಅಮ್ಮ ಎಷ್ಟು ಗಂಟೆ ದುಡಿದರು ಎಂದು ಯಾರ ಪುಸ್ತಕದಲ್ಲೂ ಇಲ್ಲ.

ಹಳೇ ಗುಮಾಸ್ತ
ತಂಗೀ, 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲಿ ಈ ಎಲೆ ನೆನೆಸುವ, ಕತ್ತರಿಸುವ ಕೆಲಸದ ಬಗ್ಗೆ ಪ್ರತ್ಯೇಕವಾಗಿಯೇ ಬರೆದಿತ್ತು. ಅದನ್ನು ಹೊರಗೆ, ಅಂದರೆ ಮನೆಯಲ್ಲಿ ಮಾಡಿಸಬೇಕಾದರೆ ಯಜಮಾನ ಸರ್ಕಾರದ ಅನುಮತಿ ಕೇಳಬೇಕಿತ್ತು. ಕಾನೂನು ಬರೆದವರಿಗೆ ಅದು ಕೆಲಸ ಎಂದು ಗೊತ್ತಿತ್ತು.

ಸೀತಾಂಗೋಳಿ ವ್ಯಾಪಾರಿ
ಆ ಕಾಯ್ದೆ ಜಾರಿಗೆ ಬಂದಾಗ ಎಂತ ಆಯಿತು, ಅದನ್ನೂ ಹೇಳಿ. 1968ರಲ್ಲಿ ಕೇರಳ ಸರ್ಕಾರ ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಯವರು ಕಣ್ಣೂರು ಕಡೆಯ ಕೆಲಸವನ್ನೇ ನಿಲ್ಲಿಸಿದರು. ಸಾವಿರಾರು ಜನ ಮನೆಯಲ್ಲಿ ಕುಳಿತರು. ಕಾನೂನು ಹಿಡಿದು ಎಳೆದರೆ ಹೀಗೇ ಆಗುವುದು. ಈ ಹುಡುಗನ ಅಂಗಡಿಯವರೂ ಪಾರ್ಟ್ ಟೈಮೇ ಬೇಡ ಎಂದರೆ?

ಕುಂಬಳೆ ಕೋಟೆ
ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ ಮಾರಾಯ್ರೆ. ಆ ಕೆಲಸ ಕಳೆದುಕೊಂಡವರೇ 1969ರಲ್ಲಿ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಆಗ ನಮ್ಮ ಕಾಸರಗೋಡೂ ಕಣ್ಣೂರು ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1984ರಲ್ಲಿ. ರಜೆ, ಬೋನಸ್ಸು, ಪಿಎಫ್ ಎಲ್ಲ ಕೊಟ್ಟು ದಶಕಗಟ್ಟಲೆ ನಡೆಸಿದರು. ಕಾನೂನು ಪಾಲಿಸಿದರೆ ವ್ಯಾಪಾರ ಮುಳುಗುತ್ತದೆ ಎಂಬ ಮಾತಿಗೆ ಬೀಡಿ ಉದಾಹರಣೆ ಸರಿ ಹೊಂದುವುದಿಲ್ಲ.

ಸೀತಾಂಗೋಳಿ ವ್ಯಾಪಾರಿ
ಈಗ ಅಲ್ಲಿ ಬೀಡಿಗಿಂತ ಛತ್ರಿ, ತೆಂಗಿನ ಹಾಲಿನ ಮಾತೇ ಜಾಸ್ತಿ.

ಕುಂಬಳೆ ಕೋಟೆ
ಜನ ಬೀಡಿ ಸೇದುವುದು ಬಿಟ್ಟರೆ ಅದಕ್ಕೆ ಕಾರ್ಮಿಕ ಕಾಯ್ದೆ ಕಾರಣವಾ?

ಬ್ಯಾಂಕ್ ಗೋಳು
ವಿಷಯ ಸ್ವಲ್ಪ ಬೇರೆ. ರಾತ್ರಿ ಹತ್ತಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಟಾರ್ಗೆಟ್ ಕೇಳುತ್ತಾರೆ. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು ಬಂದಿದೆ ಎಂದು ಓದಿದ್ದೆ, ನಿಜವಾ?

ಹಳೇ ಗುಮಾಸ್ತ
ಇಲ್ಲ. ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದು ಖಾಸಗಿ ಮಸೂದೆ. 2025ರಲ್ಲಿ ಮತ್ತೆ ಮಂಡಿಸಿದರು. ಮಂಡಿಸಿದ ಮಾತ್ರಕ್ಕೆ ಕಾನೂನು ಆಗುವುದಿಲ್ಲ. ಪೇಪರಿನವರು ಹೆಡ್ಡಿಂಗ್ ದೊಡ್ಡದು ಹಾಕುತ್ತಾರೆ ಅಷ್ಟೇ.

ಮುಳ್ಳೇರಿಯ 71
ಸರಿ, ಈಗ ಹುಡುಗ ಮಾಡಬೇಕಾದ್ದು ಎಂತ? ಗುಮಾಸ್ತರು ಹಳೇ ಕಾಯ್ದೆಗಳನ್ನು ಹೇಳುತ್ತಿದ್ದಾರೆ. ಹೊಸ ಸಂಹಿತೆ ಬಂದಿತಲ್ಲ?

ಹಳೇ ಗುಮಾಸ್ತ
ಅಂಗಡಿ ಕಾಯ್ದೆ ರಾಜ್ಯದ್ದು, ಅದು ಈಗಲೂ ಉಂಟು. ಕೇಂದ್ರದ ಕನಿಷ್ಠ ವೇತನ ಕಾಯ್ದೆ (1948), ವೇತನ ಪಾವತಿ ಕಾಯ್ದೆ (1936) ಮಾತ್ರ ಹೋದವು. ಅವುಗಳ ಜಾಗಕ್ಕೆ 2019ರ ವೇತನ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿ. ಆಗ ಕೇರಳ ಸರ್ಕಾರ ಇದನ್ನು ವಿರೋಧಿಸಿತ್ತು, ಯೂನಿಯನ್‌ಗಳೂ ಬೀದಿಗಿಳಿದವು. ಸಂಹಿತೆಗಳ ಬಗ್ಗೆ ನನಗೂ ತಕರಾರು ಉಂಟು. ಆದರೆ ಬಾಕಿ ಸಂಬಳ ಕೇಳುವವನಿಗೆ ಇದರಲ್ಲಿ ಕೆಲವು ಅನುಕೂಲ ಇವೆ, ಅದನ್ನು ಬಿಡುವುದು ಯಾಕೆ?

ಮೊದಲು ಕನಿಷ್ಠ ವೇತನದ ಅರ್ಜಿಗೆ ಆರು ತಿಂಗಳು ಗಡುವು. ಈಗ ಮೂರು ವರ್ಷ. ಬಾಕಿ ಹಣದ ಮೇಲೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಹಾಕಿಸುವ ಅಧಿಕಾರ ಉಂಟು. ತನಕ ಎಂದರೆ ತನಕ, ಹತ್ತು ಪಟ್ಟು ಸಿಗುತ್ತದೆ ಎಂದು ಕನಸು ಕಾಣಬೇಡ. ಕನಿಷ್ಠ ಕೂಲಿಯನ್ನು ಗಂಟೆ, ದಿನ, ತಿಂಗಳು ಯಾವ ಲೆಕ್ಕದಲ್ಲೂ ನಿಗದಿ ಮಾಡಬಹುದು, ಹಾಗಾಗಿ ಗಂಟೆ ಲೆಕ್ಕದವನೆಂದು ನಿನ್ನನ್ನು ಹೊರಗಿಡಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಸಂಬಳ ಕೊಟ್ಟಿದ್ದೇನೆ ಎಂದು ತೋರಿಸುವ ಹೊರೆ ಯಜಮಾನನ ಮೇಲೆ.

ಬದಿಯಡ್ಕ ಬಸ್ಸು
ಅವರ ಹತ್ತಿರ ಮೆಷಿನ್ ಪ್ರಿಂಟ್ ಉಂಟಲ್ಲ, 9 ಗಂಟೆ ಅಂತ. ಅದನ್ನೇ ತೋರಿಸಿದರೆ?

ಟ್ರೇ ಎಣಿಸುವವಳು
ಕ್ಯಾಶ್ ಟ್ಯಾಲಿ ಮಾಡುವಾಗ ಕಂಪ್ಯೂಟರಿನಲ್ಲಿ ದಿನದ ಕ್ಲೋಸಿಂಗ್ ರಿಪೋರ್ಟ್ ಬರುವುದಿಲ್ಲವಾ? ಅದರಲ್ಲಿ ಸಮಯ ಪ್ರಿಂಟ್ ಆಗಿರುತ್ತದೆ. 9.25ಕ್ಕೆ ನಿನ್ನ ಲಾಗಿನ್‌ನಲ್ಲಿ ರಿಪೋರ್ಟ್ ತೆಗೆದಿದ್ದರೆ 9ಕ್ಕೆ ಹೋದವನು ಯಾರು? ಅಂಗಡಿಯ ಕಾಗದ ಕದ್ದು ತರಬೇಡ, ಆಮೇಲೆ ಕಳ್ಳತನ ಅಂತ ತಿರುಗಿಸುತ್ತಾರೆ. ಅಂಥ ರಿಪೋರ್ಟ್ ಉಂಟು, ತರಿಸಿ ನೋಡಿ ಎಂದು ಅರ್ಜಿಯಲ್ಲಿ ಬರೆದರೆ ಸಾಕು. ಸಿಸಿಟಿವಿಗೂ ಹಾಗೇ.

ಮುಳ್ಳೇರಿಯ 71
ವಾಟ್ಸಾಪ್ ಗ್ರೂಪಿನಲ್ಲಿ "ಕ್ಲೀನಿಂಗ್ ಆಗದೆ ಯಾರೂ ಹೋಗಬಾರದು" ಎಂದು ಮ್ಯಾನೇಜರ್ ಹಾಕಿದ ಮೆಸೇಜ್ ಇದ್ದರೆ ಇಟ್ಟುಕೋ. ಗ್ರೂಪಿನಿಂದ ತೆಗೆದು ಹಾಕುವ ಮೊದಲು ಎಕ್ಸ್‌ಪೋರ್ಟ್ ಮಾಡು. ದಿನಾ ಹೊರಟ ಹೊತ್ತನ್ನು ಒಂದು ಪುಸ್ತಕದಲ್ಲಿ ಅವತ್ತವತ್ತೇ ಬರೆ. ಬಸ್ ಟಿಕೆಟ್ ಬಿಸಾಡಬೇಡ, ಮೆಷಿನ್ ಟಿಕೆಟಿನಲ್ಲಿ ಸಮಯ ಇರುತ್ತದೆ.

ಬದಿಯಡ್ಕ ಬಸ್ಸು
ಕ್ಯಾಶ್ ಶಾರ್ಟ್ ಬಂದರೆ ನಮ್ಮ ಸಂಬಳದಲ್ಲಿ ಹಿಡಿಯುತ್ತಾರೆ, ಎಲ್ಲರಿಗೂ ಹಂಚಿ. ಅದು ಸರಿಯಾ?

ಹಳೇ ಗುಮಾಸ್ತ
ಹಂಚಿ ಹಿಡಿಯುವ ಹಾಗಿಲ್ಲ. ಯಾರ ಕೈಗೆ ಹಣ ಒಪ್ಪಿಸಿದ್ದೋ ಅವರದ್ದೇ ಅಲಕ್ಷ್ಯದಿಂದ ನಷ್ಟ ಆಗಿರಬೇಕು. ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಮತ್ತೆ ಸಂಬಳ ಚೀಟಿ ಕೊಡುತ್ತಾರಾ? ಅದನ್ನು ಕೊಡುವುದು ಕಡ್ಡಾಯ. ಮೊದಲು ಅದನ್ನು ಕೇಳು.

ಸೀತಾಂಗೋಳಿ ವ್ಯಾಪಾರಿ
ಎಲ್ಲ ಸರಿ, ಆದರೆ ಮೊದಲ ದಿನವೇ ಲೇಬರ್ ಆಫೀಸಿಗೆ ಓಡಬೇಡ. ಯಜಮಾನರಿಗೆ ಗೊತ್ತೇ ಇಲ್ಲದೆ ಮ್ಯಾನೇಜರ್ ಆಡುವ ಆಟವೂ ಇರುತ್ತದೆ. ಯಜಮಾನರ ಹತ್ತಿರ ನೇರ ಹೋಗಿ ಹೇಳು. ಪಂಚಿಂಗ್ 9.40ಕ್ಕೆ ಮಾಡಿ, ಇಲ್ಲವೇ 8.20ಕ್ಕೆ ಕ್ಲೀನಿಂಗ್ ಶುರು ಮಾಡಿಸಿ ಎನ್ನು. ನಾನಾಗಿದ್ದರೆ ಕೇಳುತ್ತಿದ್ದೆ.

ಉಪ್ಪಳ ಗೇಟ್
ಕೇಳಿದ ಮರುದಿನ "ನಾಳೆಯಿಂದ ಬರಬೇಡ" ಎಂದರೆ?

ಹಳೇ ಗುಮಾಸ್ತ
ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ಅಂಗಡಿ ಕಾಯ್ದೆಯ 18ನೇ ಸೆಕ್ಷನ್. ತೆಗೆದರೂ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಅಕ್ಕಂದಿರಿಗೆ ಈ ರಕ್ಷಣೆ ಗಟ್ಟಿ. ನಿನಗೆ ಎಷ್ಟು ತಿಂಗಳಾಯಿತು ಎಂದು ನೋಡಿಕೋ. ಒಬ್ಬನೇ ಹೋಗುವುದಕ್ಕಿಂತ ಮೂವರೂ ಸಹಿ ಹಾಕಿ ಕೊಡುವುದು ಒಳ್ಳೆಯದು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಎಲೆ ಕತ್ತರಿ
ಅಕ್ಕಂದಿರು ಮಾತಾಡುವುದಿಲ್ಲ ಎಂದೆಯಲ್ಲ. ಅವರಿಗೆ ಅವರ ಲೆಕ್ಕ ಹೇಳು, ನಿನ್ನದಲ್ಲ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿದರೆ ದಿನದ್ದು, ಅದನ್ನು 8ರಿಂದ ಭಾಗಿಸಿದರೆ ಗಂಟೆಯದ್ದು. 13,000 ಇದ್ದರೆ ಗಂಟೆಗೆ 62 ರೂಪಾಯಿ 50 ಪೈಸೆ, ಓವರ್ ಟೈಮ್‌ಗೆ 125. ಬೆಳಿಗ್ಗೆ 10ರಿಂದ 9.40, ಊಟಕ್ಕೆ 1 ಗಂಟೆ ಕಳೆದರೆ 10 ಗಂಟೆ 40 ನಿಮಿಷ. ದಿನಕ್ಕೆ 2 ಗಂಟೆ 40 ನಿಮಿಷ ಜಾಸ್ತಿ ಆಯಿತು. ಅಂದರೆ ದಿನಕ್ಕೆ 333 ರೂಪಾಯಿ! ತಿಂಗಳಿಗೆ ಎಷ್ಟು ಎಂದು ಅವರೇ ಗುಣಿಸಲಿ.

ಮುಳ್ಳೇರಿಯ 71
8,600ರ ಮೇಲೆ ಆಯಿತು. ಸಂಬಳದ ಅರ್ಧಕ್ಕಿಂತ ಜಾಸ್ತಿ!

ಸೀತಾಂಗೋಳಿ ವ್ಯಾಪಾರಿ
ಇಷ್ಟು ಕೊಟ್ಟರೆ ಅಂಗಡಿ ನಡೆಸುವುದು ಹೇಗೆ ಮಾರಾಯ್ರೆ?

ಟ್ರೇ ಎಣಿಸುವವಳು
ಕೊಡಬೇಡಿ. 7 ಗಂಟೆಗೆ ಮನೆಗೆ ಬಿಡಿ. ಸಂಜೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳಿ.

ಬದಿಯಡ್ಕ ಬಸ್ಸು
ಲೆಕ್ಕವನ್ನು ಒಬ್ಬರು ಅಕ್ಕನಿಗೆ ಕಳಿಸಿದೆ. ಓದಿದ್ದಾರೆ, ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ. ಅರ್ಜಿ ಬರೆಯುವುದಾದರೆ ಮಲಯಾಳದಲ್ಲೇ ಆಗಬೇಕಾ? ನನಗೆ ಓದಲು ಬರುತ್ತದೆ, ಬರೆಯುವಾಗ ತಪ್ಪಾಗುತ್ತದೆ.

ಕುಂಬಳೆ ಕೋಟೆ
ಕನ್ನಡದಲ್ಲೇ ಕೊಡು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಉಂಟು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಆಫೀಸುಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕೌಂಟರಿನಲ್ಲಿ "ಮಲಯಾಳಂ ಇಲ್ಲೇ?" ಎಂದು ಕೇಳುತ್ತಾರೆ. ಇಲ್ಲ ಎಂದು ಹೇಳಿ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಾ.

ದುಬೈ ರಿಟರ್ನ್
ಕನ್ನಡದಲ್ಲಿ ಕೊಟ್ಟರೆ ಅನುವಾದ ಆಗುವಷ್ಟರಲ್ಲಿ ಹುಡುಗನ ಡಿಗ್ರಿ ಮುಗಿಯುತ್ತದೆ. ಬೇಗ ಆಗಬೇಕಾದರೆ ಮಲಯಾಳದಲ್ಲಿ ಬರೆಸು.

ಕುಂಬಳೆ ಕೋಟೆ
ಹೀಗೆ ಹೇಳಿ ಹೇಳಿಯೇ ಬೋರ್ಡುಗಳಿಂದ ಕನ್ನಡ ಹೋದದ್ದು.

ಹಳೇ ಗುಮಾಸ್ತ
ಭಾಷೆಯ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಕನ್ನಡದಲ್ಲಿ ಬರೆ, ಜೊತೆಗೆ ಒಂದು ಇಂಗ್ಲಿಷ್ ಪ್ರತಿ ಇಡು, ಯಾರಿಗೂ ನೆಪ ಸಿಗುವುದಿಲ್ಲ. ಜಿಲ್ಲಾ ಲೇಬರ್ ಆಫೀಸು ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ. ಅಂಗಡಿ ಇರುವ ಜಾಗ ಯಾವ ಸಹಾಯಕ ಲೇಬರ್ ಆಫೀಸರ್ ವ್ಯಾಪ್ತಿಗೆ ಬರುತ್ತದೆ ಎಂದು ಅಲ್ಲೇ ಹೇಳುತ್ತಾರೆ. ಅರ್ಜಿಯಲ್ಲಿ ಭಾಷಣ ಬೇಡ. ಯಾವಾಗಿನಿಂದ ಕೆಲಸ, ಗಂಟೆಗೆ ಎಷ್ಟು, ಪಂಚ್ ಎಷ್ಟಕ್ಕೆ, ನಿಜವಾಗಿ ಹೊರಡುವುದು ಎಷ್ಟಕ್ಕೆ, ಆ ಹೊತ್ತಿನಲ್ಲಿ ಯಾವ ಕೆಲಸ, ಬಾಕಿ ಎಷ್ಟು. ಒಂದು ಪುಟ ಸಾಕು.

ಬದಿಯಡ್ಕ ಬಸ್ಸು
ಅಕ್ಕನ ಉತ್ತರ ಈಗ ಬಂತು. "333 ಹೇಗೆ ಬಂತು, ಇನ್ನೊಮ್ಮೆ ಬಿಡಿಸಿ ಹೇಳು" ಅಂತೆ.

ಎಲೆ ಕತ್ತರಿ
ಹೇಳು ಹೇಳು. ಅವರು ಊಟಕ್ಕೆ ನಿಜವಾಗಿ ಒಂದು ಗಂಟೆ ಕೂರುತ್ತಾರಾ ಎಂದೂ ಕೇಳು. ಅರ್ಧ ಗಂಟೆ ಆದರೆ ಲೆಕ್ಕ ಬದಲಾಗುತ್ತದೆ.